ನೀಲಗಂಗಮ್ಮನ ಎರಡು ಉಯಿಲು

ಉಚಿತ ಎಂದು ಬರೆದ ಬ್ಯಾನರ್ ಕಂಡರೆ ನೀಲಗಂಗಮ್ಮ ಮೊದಲು ನೋಡುತ್ತಿದ್ದುದು ಅದನ್ನು ಕಟ್ಟಿದ ಹಗ್ಗ ಯಾರ ಮನೆಯದು ಎಂದು. ಅಕ್ಷರ ಓದುವುದು ಆಮೇಲೆ. ಮೂರು ವರ್ಷದ ಕೆಳಗೆ ತಂಬ್ರಹಳ್ಳಿಗೆ ಉಚಿತ ಕಣ್ಣಿನ ತಪಾಸಣೆಯವರು ಬಂದಿದ್ದರು. ತಪಾಸಣೆ ಉಚಿತವೇ ಆಯಿತು, ಸಂಜೆ ಹೊತ್ತಿಗೆ ಊರಿನ ಅರ್ಧ ಜನರ ಮೂಗಿನ ಮೇಲೆ ಕೊಂಡ ಕನ್ನಡಕ ಕೂತಿತ್ತು. ಓಣಿಯ ಜಂಬಕ್ಕ ಆ ಕನ್ನಡಕ ಹಾಕಿಕೊಂಡು ಎಮ್ಮೆಯ ಬದಲು ಗೋಡೆಗೆ ನೀರು ಕುಡಿಸಲು ಹೋಗಿದ್ದಳೆಂದು ಈಗಲೂ ನಗುತ್ತಾರೆ. ನೀಲಗಂಗಮ್ಮ ನಗಲಿಲ್ಲ. ಅಂದಿನಿಂದ ಉಚಿತ ಎಂದರೆ ಅವಳಿಗೆ ಮೈಯೆಲ್ಲ ಕಣ್ಣು.

ಈ ಸಲ ಪಂಚಾಯಿತಿ ಕಾಂಪೌಂಡಿಗೆ ಕಟ್ಟಿದ್ದ ಬ್ಯಾನರಿನಲ್ಲಿ 'ಕಾನೂನು ವಿದ್ಯಾರ್ಥಿಗಳಿಂದ ಉಚಿತ ಕಾನೂನು ನೆರವು' ಎಂದಿತ್ತು. ಹಗ್ಗ ನೀಲಿ ನೈಲಾನಿನದು, ಒಂದು ತುದಿ ಸುಟ್ಟು ಗಂಟಾಗಿತ್ತು. ಆ ಗಂಟು ಅವಳಿಗೆ ಚೆನ್ನಾಗಿ ಗೊತ್ತು, ಅದು ಅವಳ ತಮ್ಮ ಏಕಾಂತಪ್ಪನ ಟ್ರ್ಯಾಕ್ಟರಿನ ಹಗ್ಗ. ಶಾಮಿಯಾನದ ಕೆಳಗೆ ಏಕಾಂತಪ್ಪನೇ ನಿಂತು, ಕಪ್ಪು ಕೋಟು ಹಾಕಿದ ಹುಡುಗ ಹುಡುಗಿಯರಿಗೆ ಸೌಟು ತುಂಬ ಗೋಧಿ ಹುಗ್ಗಿ ಬಡಿಸುತ್ತಿದ್ದ. ಪಂಚಾಯಿತಿ ಮೆಂಬರ್ ಆದ ಮೇಲೆ ಊರಿಗೆ ಯಾರೇ ಬರಲಿ, ಊಟ ಅವನದೇ.

ನೀಲಗಂಗಮ್ಮ ಅಲ್ಲಿಂದಲೇ ವಾಪಸು ಹೋಗಬೇಕೆಂದುಕೊಂಡಳು. ಆದರೆ ಹೋಗುವಂತಿರಲಿಲ್ಲ, ಅವಳ ಬಳಿ ಉಳಿದಿದ್ದುದು ಒಂಬತ್ತು ದಿನ.

ಸಂಗತಿ ಇಷ್ಟು. ಹಂಪಸಾಗರಕ್ಕೆ ಲಗ್ನವಾಗಿ ಹೋಗಿದ್ದ ನೀಲಗಂಗಮ್ಮ, ಮಕ್ಕಳಿಲ್ಲದೆ ಗಂಡನನ್ನೂ ಕಳೆದುಕೊಂಡು ತವರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಎರಡು ಅಂಕಣದ ಮನೆಯಲ್ಲಿದ್ದು ಜೋಳದ ರೊಟ್ಟಿ ಬಡಿದು ಹಗರಿಬೊಮ್ಮನಹಳ್ಳಿಯ ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವ್ವ ಕಲ್ಯಾಣಮ್ಮನ ಕೊನೆಗಾಲಕ್ಕೂ ಅಪ್ಪನ ಕೊನೆಗಾಲಕ್ಕೂ ಅವಳದೇ ಕೈ. ಇಬ್ಬರನ್ನೂ ಅವರ ಪದ್ಧತಿಯಂತೆ ಸ್ವಂತ ಹೊಲದಲ್ಲೇ, ಹಳ್ಳದ ದಂಡೆಯ ಮೂಲೆಯ ಬೇವಿನ ಮರದ ಕೆಳಗೆ ಮಣ್ಣು ಮಾಡಿದ್ದರು. ಅವ್ವನ ಎಡಕ್ಕೆ ಅಪ್ಪ. ಬಲಕ್ಕೆ ಆರಡಿ ಜಾಗ ಖಾಲಿ. "ಅದು ನಿನಗ ಬೇ ನೀಲಾ, ಕಡೀಗೆ ನನ್ನ ಮಗ್ಗಲಾಗ ಬಂದು ಮಲಕ್ಕೊ," ಎಂದು ಅವ್ವ ಸಾಯುವ ಮುಂಚೆ ಹೇಳಿದ್ದಳು. ನೀಲಗಂಗಮ್ಮನಿಗೆ ಆ ಹೊಲದ ಫಸಲು ಬೇಕಿರಲಿಲ್ಲ. ಬೇಕಿದ್ದುದು ಆ ಆರಡಿ.

ಊರಿನಲ್ಲಿ ಪಂಚಾಯಿತಿ ಬೋರ್ಡಿಗೆ ಅಂಟಿಸಿದ ಕಾಗದಗಳನ್ನೆಲ್ಲ ನಿಂತು ಓದುವವಳು ಅವಳೊಬ್ಬಳೇ. ನಾಲ್ಕನೇ ಇಯತ್ತೆ ಓದಿದ್ದಳು, ಕೂಡಿಸಿ ಕೂಡಿಸಿ ಓದುತ್ತಿದ್ದಳು. ಹಾಗೆ ಓದುವಾಗ ಅಪ್ಪನ ಹೆಸರು ಕಂಡಿತು. ಅಪ್ಪನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ನೋಟಿಸು ಅದು. ವಂಶವೃಕ್ಷದಲ್ಲಿ ಅಪ್ಪನ ಕೆಳಗೆ ಒಂದೇ ಗೆರೆ, ಗೆರೆಯ ತುದಿಗೆ ಒಂದೇ ಹೆಸರು: ಏಕಾಂತಪ್ಪ, ಏಕೈಕ ಸಂತಾನ. ತಕರಾರು ಇದ್ದವರು ಮೂವತ್ತು ದಿನದೊಳಗೆ ತಾಲೂಕು ಕಚೇರಿಗೆ ಸಲ್ಲಿಸಬೇಕು. ಅಂದು ಇಪ್ಪತ್ತನೇ ದಿನವಾಗಿತ್ತು. ಹೊಲವನ್ನು ಸೋಲಾರ್ ಕಂಪನಿಯವರು ಕೇಳುತ್ತಿದ್ದಾರೆಂಬ ಮಾತು ಊರಲ್ಲಿ ಮೊದಲೇ ಇತ್ತು. ಖಾತೆ ತಮ್ಮನೊಬ್ಬನದಾದರೆ ಬೇವಿನ ಮರ ಬೀಳುತ್ತದೆ, ಸುತ್ತ ತಂತಿ ಬೇಲಿ ಏಳುತ್ತದೆ, ಸತ್ತವರ ಪಕ್ಕಕ್ಕೆ ಹೋಗಲು ಗೇಟಿನವನನ್ನು ಕೇಳಬೇಕಾಗುತ್ತದೆ. ಆ ದಿನ ಅವಳ ರೊಟ್ಟಿಗಳೆಲ್ಲ ಸೀದವು.

ಹಗರಿಬೊಮ್ಮನಹಳ್ಳಿಯ ವಕೀಲರ ಹತ್ತಿರ ಹೋಗೋಣವೆಂದರೆ ಅರ್ಧ ಜನ ಏಕಾಂತಪ್ಪನ ದೋಸ್ತಿಗಳು, ಇನ್ನರ್ಧ ಜನ ಅವನ ದೋಸ್ತಿಗಳ ದೋಸ್ತಿಗಳು. ಹಾಗಾಗಿ ಮಾರನೆಯ ದಿನ, ಹುಗ್ಗಿ ಉಂಡ ಈ ಮಕ್ಕಳ ಮುಂದೆಯೇ ಅವಳು ಹೋಗಿ ಕೂರಬೇಕಾಯಿತು.

ಅವಳ ಪಾಲಿಗೆ ಬಂದವಳು ಸುಮಲತಾ ಎಂಬ ಹುಡುಗಿ, ಕಾನೂನಿನ ನಾಲ್ಕನೇ ವರ್ಷದವಳು. ಕೂಡ್ಲಿಗಿ ಕಡೆಯ ಕೂಲಿ ಮಾಡುವ ಮನೆಯ ಮಗಳು. ಕೋಟಿನ ತೋಳು ಉದ್ದವಾಗಿ ಬೆರಳ ತನಕ ಬಂದಿತ್ತು, ಯಾರದೋ ಇಸಕೊಂಡ ಕೋಟು. ಮುಂದೆ ಒಂದು ದಪ್ಪ ನೋಟ್‌ಬುಕ್.

"ಏನ್ ಸಮಸ್ಯೆ ಹೇಳ್ರಿ ಅಮ್ಮಾ."

"ಮೊದ್ಲ ನೀ ಹೇಳು. ಪುಕ್ಕಟೆ ಮಾಡ್ತೀರಲ್ಲ, ಇದರಾಗ ನಿನಗೇನು ಸಿಗತೈತಿ?"

ಹುಡುಗಿ ಗಲಿಬಿಲಿಯಾದಳು. ಆಮೇಲೆ ನೋಟ್‌ಬುಕ್ ತಿರುಗಿಸಿ ತೋರಿಸಿದಳು. "ಅಂಕ ಸಿಗ್ತಾವ್ರಿ. ಹತ್ತು ಮಂದಿ ಕೆಲಸ ಮಾಡಿಕೊಟ್ಟು ಇದರಾಗ ಬರದ್ರ ಪರೀಕ್ಷಾದಾಗ ಇಪ್ಪತ್ತು ಅಂಕ. ನೀವು ನನಗ ಏಳನೇದೋರು."

ಇಷ್ಟು ಸೀದಾ ಉತ್ತರ ನೀಲಗಂಗಮ್ಮ ನಿರೀಕ್ಷಿಸಿರಲಿಲ್ಲ. ಸೀದಾ ಮಾತಾಡುವವರನ್ನು ನಂಬಬಹುದೇನೋ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ, ನಂಬಿಸಬೇಕೆನ್ನುವವರು ಹೀಗೇ ಸೀದಾ ಮಾತಾಡುವುದು ಎಂದೂ ಅನ್ನಿಸಿತು.

"ಹುಗ್ಗಿ ಉಂಡೇನು?"

"ಉಂಡೆ ರೀ. ಭಾಳ ಚೊಲೊ ಇತ್ರಿ."

ಅಲ್ಲಿಗೆ ಆಯಿತು. ತಮ್ಮನ ಉಪ್ಪು ತಿಂದವಳು. ಆದರೂ ಒಂಬತ್ತು ದಿನದ ಲೆಕ್ಕ ಅವಳನ್ನು ಏಳಲು ಬಿಡಲಿಲ್ಲ. ಕೂತಲ್ಲೇ ಅವಳಿಗೊಂದು ಉಪಾಯ ಹೊಳೆಯಿತು. ಹಿಟ್ಟಿನಲ್ಲಿ ಹುಳು ಇದೆಯೋ ಇಲ್ಲವೋ ನೋಡಲು ಒಂದು ಹಿಡಿ ಜರಡಿಗೆ ಹಾಕುವಂತೆ, ಈ ಹುಡುಗಿಯ ಹೊಟ್ಟೆಯಲ್ಲೂ ಒಂದು ಮಾತು ಹಾಕಿ ನೋಡುವುದು. ಮಾತು ಸುಳ್ಳಿರಬೇಕು, ಏಕಾಂತಪ್ಪನ ಎದೆ ಝಲ್ಲೆನ್ನುವಂತಿರಬೇಕು. ಅದು ಅವನ ಕಿವಿಗೆ ಬಿದ್ದರೆ ಈ ಹುಡುಗಿಯಿಂದಲೇ ಬಿದ್ದದ್ದು, ಬೇರೆ ದಾರಿಯೇ ಇರುವುದಿಲ್ಲ.

ಅಪ್ಪನ ವಿಚಾರ, ವಂಶವೃಕ್ಷದ ವಿಚಾರ ಎಲ್ಲ ಇದ್ದದ್ದು ಇದ್ದಂತೆ ಹೇಳಿದಳು. ಆಮೇಲೆ ಆ ಕಡೆ ಈ ಕಡೆ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಇನ್ನೊಂದು ಐತಿ. ನಮ್ಮಪ್ಪ ಸಾಯಾಕ ಮುಂಚೆ ಉಯಿಲು ಬರದಾನ. ಹಳ್ಳದ ಹೊಲ ಪೂರಾ ನನಗ ಅಂತ. ಹಂಪಸಾಗರದಾಗ ನಮ್ಮ ನಾದಿನಿ ಮನ್ಯಾಗ, ತಗಡಿನ ಟ್ರಂಕಿನ್ಯಾಗ ಇಟ್ಟೀನಿ. ಯಾರಿಗೂ ಹೇಳಬ್ಯಾಡ."

ಸುಮಲತಾಳ ಕಣ್ಣು ಅರಳಿದವು. "ಹೇಳಂಗಿಲ್ರಿ ಅಮ್ಮಾ. ನಮ್ಮ ಹತ್ರ ಬಂದೋರು ಹೇಳಿದ್ದು ನಮ್ಮ ಹೊಟ್ಟ್ಯಾಗ ಇರಬೇಕು ಅಂತ ಮೊದಲನೇ ಪಾಠ ನಮಗ." ಬರೆದಳು, ತಲೆ ಎತ್ತಿ ಕೇಳಿದಳು, "ಇದನ್ನ ಅರ್ಜ್ಯಾಗ ಹಾಕ್ಲೇನ್ರಿ?"

ಹುಡುಗಿಯ ಕಣ್ಣು ಏಕಾಂತಪ್ಪನ ಕಡೆ ಹೊರಳುತ್ತವೋ ಇಲ್ಲವೋ ಎಂಬುದನ್ನೇ ನೋಡುತ್ತಿದ್ದ ನೀಲಗಂಗಮ್ಮ ಹೂಂ ಎಂದಳು. ಏನಕ್ಕೆ ಹೂಂ ಎಂದೆ ಎಂಬುದು ಅವಳ ತಲೆಗೆ ಹೋಗಲಿಲ್ಲ.

ಸಂಜೆಯೊಳಗೆ ಎಂಟು ಪುಟದ ತಕರಾರು ಅರ್ಜಿ ತಯಾರಾಯಿತು. ಸುಮಲತಾ ಅದನ್ನು ಮೊದಲಿಂದ ಕಡೆಯವರೆಗೆ ಓದಿ ಹೇಳಿದಳು. ಸಂಶಯದ ಜನಕ್ಕೆ ಒಂದು ಕೆಟ್ಟ ಚಟವಿರುತ್ತದೆ, ಎದುರಿನವರ ಮುಖ ನೋಡುವ ಭರದಲ್ಲಿ ಬಾಯಿಂದ ಏನು ಬರುತ್ತಿದೆ ಎಂಬುದನ್ನು ಕೇಳಿಸಿಕೊಳ್ಳುವುದಿಲ್ಲ. ನೀಲಗಂಗಮ್ಮ ಎಂಟೂ ಪುಟ ಹುಡುಗಿಯ ಮುಖವನ್ನೇ ಓದಿದಳು. ಆಮೇಲೆ ತನ್ನ ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿದಳು. ಆ ಮಕ್ಕಳ ಮೇಷ್ಟ್ರು, ವಕೀಲರೂ ಆದ ಗುರುಬಸವರಾಜ ಅಂದು ನಲವತ್ತು ಅರ್ಜಿ ನೋಡಬೇಕಿತ್ತು. ಮೊದಲ ಪುಟ ನೋಡಿ, "ಚಲೋ ಐತಿ, ಸೋಮವಾರ ಕೊಟ್ಟು ಬರ್ರಿ," ಎಂದರು. ಸೋಮವಾರ ಸುಮಲತಾಳೇ ಜೊತೆಗೆ ಹಗರಿಬೊಮ್ಮನಹಳ್ಳಿಗೆ ಬಂದು ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಿಸಿ, ಸ್ವೀಕೃತಿ ಮುದ್ರೆ ಹಾಕಿಸಿ, ಆ ಪ್ರತಿಯನ್ನು ನೀಲಗಂಗಮ್ಮನ ಕೈಗಿತ್ತಳು. ನೀಲಗಂಗಮ್ಮ ಮುದ್ರೆಯನ್ನು ಎರಡು ಸಲ ಮುಟ್ಟಿ ನೋಡಿ, ಕಾಗದ ಮಡಚಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು. ಒಳಗೇನಿದೆ ಎಂದು ಓದಲಿಲ್ಲ.

ಅಂದಿನಿಂದ ಅವಳ ಕೆಲಸ ಒಂದೇ, ತಮ್ಮನ ಮನೆಯ ಕಡೆ ಕಣ್ಣಿಡುವುದು. ನೀರು ತರುವ ನೆಪದಲ್ಲಿ ಎರಡು ಸಲ, ಹಿಟ್ಟು ಬೀಸಿಸುವ ನೆಪದಲ್ಲಿ ಒಂದು ಸಲ ಅವನ ಬಾಗಿಲ ಮುಂದೆ ಹಾದಳು. ಒಂದು ವಾರ ಏನೂ ಇಲ್ಲ. ಏಕಾಂತಪ್ಪ ಎಂದಿನಂತೆ ಕಟ್ಟೆಯ ಮೇಲೆ ಕೂತು ಹಲ್ಲು ಕಡ್ಡಿ ಆಡಿಸುತ್ತಿದ್ದ. ಹುಡುಗಿಯ ಹೊಟ್ಟೆ ಗಟ್ಟಿ ಎಂದು ನೀಲಗಂಗಮ್ಮನಿಗೆ ಸಮಾಧಾನವಾಗತೊಡಗಿತು. ಆ ಸಮಾಧಾನವೂ ಅವಳಿಗೆ ಒಗ್ಗಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ, ರೊಟ್ಟಿ ಬಡಿಯುವ ಹೊತ್ತಿಗೆ, ಏಕಾಂತಪ್ಪ ತಲೆ ಬಗ್ಗಿಸಿ ಒಳಗೆ ಬಂದ. ಅವನು ಆ ಮನೆಯ ಹೊಸ್ತಿಲು ದಾಟಿ ಎಂಟು ತಿಂಗಳಾಗಿತ್ತು.

"ಅಕ್ಕಾ, ಆರಾಮೇನು?"

"ಆರಾಮ ಅದೀನಿ."

"ಹಂಪಸಾಗರದಾಗ ನಿಮ್ಮ ನಾದಿನಿ ಆರಾಮ ಅದಾಳೇನು?"

ನೀಲಗಂಗಮ್ಮನ ಕೈ ರೊಟ್ಟಿಯ ಮೇಲೇ ನಿಂತಿತು. ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ ಇವನು ಆ ನಾದಿನಿಯ ಹೆಸರೆತ್ತಿದವನಲ್ಲ. "ಅದಾಳ," ಎಂದಳು.

"ಅಪ್ಪ ನಿನ್ನ ಕೈಯಾಗ ಏನಾರ ಕಾಗದ ಪತ್ರ ಕೊಟ್ಟಿದ್ನೇನು? ಇದ್ರ ಹೇಳು, ಮನ್ಯಾಗ ಕುಂತು ಮಾತಾಡಾನ. ಹೊರಗಿನ ಮಂದಿ ಯಾಕ?" ಅವನ ಹಣೆಯಲ್ಲಿ ಬೆವರಿತ್ತು. ನೀಲಗಂಗಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಾಗ ಹೊರಟುಹೋದ.

ನೀಲಗಂಗಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಮತ್ತೆ ಸಿಟ್ಟೇ ಬಂತು. ತನ್ನ ಎಣಿಕೆ ಸರಿಯಾಯಿತೆಂದು ಖುಷಿಪಡಬೇಕಿತ್ತು, ಒಂದಿಷ್ಟೂ ಖುಷಿಯಾಗಲಿಲ್ಲ. ಆ ಉದ್ದ ತೋಳಿನ ಕೋಟಿನ ಹುಡುಗಿಯನ್ನು ತನಗೇ ತಿಳಿಯದಂತೆ ಒಂದಿಷ್ಟು ನಂಬಿಬಿಟ್ಟಿದ್ದಳು.

ಪ್ರತಿ ಶನಿವಾರ ಆ ಮಕ್ಕಳು ಪಂಚಾಯಿತಿಯ ಒಂದು ಕೋಣೆಯಲ್ಲಿ ಕೂರುತ್ತಿದ್ದರು. ಶನಿವಾರ ನೀಲಗಂಗಮ್ಮ ಬಾಗಿಲಲ್ಲೇ ನಿಂತು ಶುರುಮಾಡಿದಳು.

"ಹೊಟ್ಟ್ಯಾಗ ಇಟಗಂತೀನಿ ಅಂದಿದ್ದೆಲ್ಲ? ಹದಿನೈದು ದಿನ ಸೈತ ನಿಲ್ಲಲಿಲ್ಲಲ್ಲ ನಿನ್ನ ಹೊಟ್ಟ್ಯಾಗ! ಹುಗ್ಗಿ ಅಷ್ಟು ರುಚಿ ಇತ್ತೇನು?"

ಸುಮಲತಾ ಎದ್ದು ನಿಂತಳು. "ಏನಾತ್ರಿ ಅಮ್ಮಾ?"

"ಉಯಿಲಿನ ಮಾತು ನನ್ನ ತಮ್ಮಗ ಯಾರು ಹೇಳ್ಯಾರ? ನಾ ಹೇಳಿದ್ದು ನಿನಗೊಬ್ಬಾಕಿಗೆ!"

ಹುಡುಗಿಯ ಮುಖ ಬಿಳಿಚಿಕೊಂಡಿತು. ಆದರೆ ಅದು ಸಿಕ್ಕಿಬಿದ್ದವರ ಬಿಳುಪಲ್ಲ ಎಂಬುದು ನೀಲಗಂಗಮ್ಮನಿಗೂ ಕಂಡಿತು. ಸುಮಲತಾ ನಿಧಾನವಾಗಿ ಹೇಳಿದಳು. ಹೇಳಿದ್ದು ತಾನಲ್ಲ, ಕಾಗದ. ತಕರಾರು ಅರ್ಜಿ ಕೊಟ್ಟರೆ ಅದರ ಪ್ರತಿಯನ್ನು ಕಚೇರಿಯವರು ಎದುರಾಳಿಗೆ ನೋಟಿಸಿನ ಜೊತೆ ಕಳಿಸಲೇಬೇಕು, ಅವನು ಅದಕ್ಕೆ ಉತ್ತರ ಕೊಡಬೇಕು. ಅರ್ಜಿಯ ಮೂರನೇ ಪುಟದಲ್ಲಿ ಉಯಿಲಿನ ಮಾತಿದೆ. ಹಾಕಲೇ ಎಂದು ಕೇಳಿದ್ದಳು. ಓದಿಯೂ ಹೇಳಿದ್ದಳು. "ನೀವು ಸಹಿ ಹಾಕೀರಲ್ರಿ?"

ನೀಲಗಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಕ್ಕರಿಸಿ ಕೂತಳು. ಬೋರ್ಡಿನ ಕಾಗದಗಳನ್ನೆಲ್ಲ ಓದುವವಳು, ತನ್ನದೇ ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು ಕೂತಿದ್ದಳು.

"ಹೋಗ್ಲಿ ಬಿಡ್ರಿ, ಒಳ್ಳೇದ ಆತು," ಎಂದು ಸುಮಲತಾಳೇ ಸಮಾಧಾನ ಹೇಳಿದಳು. "ಮುಂದಿನ ಗುರುವಾರ ವಿಚಾರಣೆ ಐತಿ. ಉಯಿಲು ತಗಂಬರ್ರಿ, ಸರ್‌ಗೆ ತೋರಿಸಾನ."

"ಉಯಿಲು ಇಲ್ಲ."

"ಹಂಪಸಾಗರದಾಗ ಐತಂದ್ರಲ್ಲ?"

"ಎಲ್ಲೂ ಇಲ್ಲ ಬೇ. ನೀ ನನ್ನ ತಮ್ಮನ ಕಡ್ಯಾಕೇನು ಅಂತ ನೋಡಾಕ ಹೇಳಿದ್ದು ಅದು."

ಸುಮಲತಾ ನೋಟ್‌ಬುಕ್ಕಿನ ಏಳನೇ ಹೆಸರಿನ ಪುಟ ತೆಗೆದು ನೋಡಿದಳು, ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿತ್ತು. ಬೈದಿದ್ದರೆ ನೀಲಗಂಗಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

ಬೈಯುವ ಕೆಲಸವನ್ನು ಗುರುಬಸವರಾಜ ಮಾಡಿದರು, ಅದೂ ಎಲ್ಲರೆದುರಿಗೆ, ಹುಡುಗಿಗೇ. ತಕರಾರಿಗೆ ಬೇಕಿದ್ದುದು ಅರ್ಧ ಪುಟ: ನಾನು ಸತ್ತವರ ಮಗಳು, ನನ್ನ ಹೆಸರು ಬಿಟ್ಟಿದ್ದಾರೆ, ಸೇರಿಸಿ. ಅಷ್ಟೇ. ಬಂದವರು ಹೇಳಿದ್ದನ್ನೆಲ್ಲ ಕಾಗದಕ್ಕೆ ಸುರಿಯುವುದಕ್ಕೆ ವಕೀಲರೇಕೆ ಬೇಕು? ಕಣ್ಣಲ್ಲಿ ಕಾಣದ ದಾಖಲೆಯನ್ನು ಇದೆ ಎಂದು ಬರೆಯಲು ಯಾರು ಕಲಿಸಿದರು? ಆಮೇಲೆ ದನಿ ತಗ್ಗಿಸಿ, "ನಂದೂ ತಪ್ಪೈತಿ, ನಾನೂ ಮೂರನೇ ಪುಟ ನೋಡಲಿಲ್ಲ," ಎಂದರು. ಅರ್ಜಿ ಹಿಂದಕ್ಕೆ ಪಡೆದು ಹೊಸದು ಕೊಡೋಣವೆಂದರೆ ಮೂವತ್ತು ದಿನ ಮುಗಿದಿತ್ತು. ಇದೇ ಅರ್ಜಿ, ಇದೇ ಸುಳ್ಳು ಹೊತ್ತುಕೊಂಡು ಗುರುವಾರ ಹೋಗಬೇಕು. ಒಂದು ಮಾತು ಸುಳ್ಳೆಂದು ಗೊತ್ತಾದರೆ ಉಳಿದ ಏಳು ಪುಟವನ್ನೂ ತಹಶೀಲ್ದಾರರು ಕಸದಂತೆ ನೋಡಿದರೂ ನೋಡಬಹುದು.

ಅವ್ವನ ಮಗ್ಗುಲಿನ ಆರಡಿ ಜಾಗವನ್ನು ತಾನೇ ಕೈಯಾರೆ ಕಳೆದೆನೆಂದು ನೀಲಗಂಗಮ್ಮನಿಗೆ ಅನ್ನಿಸಿತು. ಅವಳ ತಲೆ ಆಗಲೂ ಸುಮ್ಮನಿರಲಿಲ್ಲ.

"ಗೆದ್ಲು ತಿಂದಾವು ಅಂದ್ರ ಹ್ಯಾಂಗ? ಟ್ರಂಕಿಗೆ ಗೆದ್ಲು ಹತ್ತಿ ಉಯಿಲು ಹೋತು ಅಂತ ಬರಿ."

"ನಾ ಬರಿಯಂಗಿಲ್ರಿ," ಎಂದಳು ಸುಮಲತಾ.

"ನಿನಗ ಅಂಕ ಬೇಕಲ್ಲ?"

"ಬೇಕ್ರಿ. ಆದ್ರೂ ಬರಿಯಂಗಿಲ್ಲ."

ಗುರುವಾರ ತಾಲೂಕು ಕಚೇರಿಯಲ್ಲಿ ಏಕಾಂತಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ವಕೀಲರನ್ನು ತಂದಿರಲಿಲ್ಲ. ಉಯಿಲೆಂಬ ಮಾತು ಊರಲ್ಲಿ ಹಬ್ಬಿದರೆ ಕಂಪನಿಯವರು ಹಿಂಜರಿದಾರು ಎಂಬ ಅಂಜಿಕೆಗೆ ಯಾರಿಗೂ ಹೇಳದೆ, ಕಚೇರಿಯ ಮುಂದೆ ಮರದ ಕೆಳಗೆ ಅರ್ಜಿ ಬರೆಯುವವನ ಹತ್ತಿರ ಕೂತು, ತಾನು ಹೇಳಿ ಬರೆಸಿದ ಒಂದು ಉತ್ತರವನ್ನು ತಂದಿದ್ದ. ಅದರ ಪ್ರತಿ ಗುರುಬಸವರಾಜರ ಕೈಗೆ ಬಂತು. ಅವರು ಅದನ್ನು ಸುಮಲತಾಳಿಗೆ ಕೊಟ್ಟು, "ಈ ಸಲ ಪೂರಾ ಓದು," ಎಂದರು.

ತಹಶೀಲ್ದಾರರು ಕನ್ನಡಕ ಹಣೆಗೇರಿಸಿ ಕೇಳಿದರು. "ಏನಮ್ಮ, ಉಯಿಲು ಇದೆ ಅಂತ ಬರೆದಿದ್ದೀರಿ. ತಂದಿದ್ದೀರಾ?"

ನೀಲಗಂಗಮ್ಮ ಉತ್ತರಿಸುವ ಮುಂಚೆ ಅಭ್ಯಾಸದಂತೆ ತಮ್ಮನ ಮುಖ ನೋಡಿದಳು. ಅವನು ಇಸ್ತ್ರಿ ಅಂಗಿಯ ತುದಿಯನ್ನು ಹಿಂಡುತ್ತಿದ್ದ. ಹೆದರಿದ್ದಾನೆ. ಮುಂದಿನ ಸಲ ತರುತ್ತೇನೆ ಎಂದು ಒಂದು ಮಾತು ಅಂದರೆ ಸಾಕು, ಇವತ್ತೇ ಸಂಜೆ ಮನೆಗೆ ಬಂದು ಕೈಹಿಡಿದು ಆರಡಿಯೇನು, ಅರವತ್ತಡಿ ಬೇಕಾದರೂ ಬಿಡುತ್ತಾನೆ. ಆ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಬಾಗಿಲ ಹತ್ತಿರ ಸುಮಲತಾ ಕಾಗದದಿಂದ ತಲೆ ಎತ್ತಿ ಇವಳನ್ನೇ ನೋಡುತ್ತಿದ್ದಳು. ಇಷ್ಟು ದಿನ ತಾನು ಜನರನ್ನು ನೋಡುತ್ತಿದ್ದ ಹಾಗೆಯೇ ಆ ಹುಡುಗಿ ಈಗ ತನ್ನನ್ನು ನೋಡುತ್ತಿದ್ದಾಳೆಂದು ನೀಲಗಂಗಮ್ಮನಿಗೆ ಹೊಳೆಯಿತು. ಆ ನೋಟ ಅವಳಿಗೆ ತಡೆಯಲಾಗಲಿಲ್ಲ.

"ಇಲ್ರಿ ಸಾಹೇಬ್ರ. ಉಯಿಲು ಇಲ್ಲ. ನಾ ಸುಳ್ಳು ಹೇಳೀನಿ. ಆ ಹುಡುಗಿದು ತಪ್ಪಿಲ್ಲ, ನಾ ಹೇಳಿದ್ದನ್ನ ಬರದಾಳ. ಆಕಿ ಎಂಥಾಕಿ ಅಂತ ನೋಡಾಕ ಹೇಳಿದ್ದೆ. ಉಳಿದಿದ್ದೆಲ್ಲ ಖರೇ ಐತ್ರಿ."

ತಹಶೀಲ್ದಾರರ ಹುಬ್ಬು ಗಂಟಿಕ್ಕಿದವು. ಏಕಾಂತಪ್ಪನಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯಿಂದ ಜಿಗಿದೇ ಎದ್ದ.

"ನೋಡ್ರಿ ಸಾಹೇಬ್ರ! ನಾ ಬರದು ಕೊಟ್ಟೀನಲ್ರಿ! ನಮ್ಮಪ್ಪ ಒಂದು ಚೂರು ಕಾಗದ ಬರದಿಲ್ಲ. ನಮ್ಮಕ್ಕ ಸಣ್ಣಾಕಿದ್ದಾಗಿಂದ ಹಿಂಗ ರೀ, ಬರೀ ಸಂಶೇ, ಬರೀ ಸುಳ್ಳು!"

ಸುಮಲತಾ ಎರಡು ಹೆಜ್ಜೆ ಮುಂದೆ ಬಂದು, ಗುರುಬಸವರಾಜರ ಕಿವಿಯಲ್ಲಿ ಏನೋ ಹೇಳಿ ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಗುರುಬಸವರಾಜ ಓದಿದರು. ಮುಖ ಬದಲಾಗದಂತೆ ನೋಡಿಕೊಂಡು ಎದ್ದರು.

"ಸಾಹೇಬರೇ, ಉಯಿಲಿನ ಮಾತನ್ನು ನಾವು ಬಿಟ್ಟಿದ್ದೇವೆ. ಎದುರಾಳಿಯವರು ಈಗ ಹೇಳಿದ್ದನ್ನು ದಯವಿಟ್ಟು ದಾಖಲು ಮಾಡಿಕೊಳ್ಳಿ. ಅವರು ಸಹಿ ಹಾಕಿ ಕೊಟ್ಟ ಉತ್ತರದಲ್ಲೂ ಅದೇ ಇದೆ. ಓದುತ್ತೇನೆ: 'ನನ್ನ ಖಾಸಾ ಅಕ್ಕ ನೀಲಗಂಗಮ್ಮನು ಹೇಳುವ ಉಯಿಲು ಶುದ್ಧ ಸುಳ್ಳು. ನಮ್ಮ ತಂದೆಯವರನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ ಆದ್ದರಿಂದ ಒತ್ತಾಯದಿಂದ ಏನಾದರೂ ಬರೆಸಿಕೊಂಡಿದ್ದರೂ ಅದು ಸಲ್ಲುವುದಿಲ್ಲ.' ಇದೇ ಮನುಷ್ಯ ಪ್ರಮಾಣ ಮಾಡಿ ಕೊಟ್ಟ ವಂಶವೃಕ್ಷದಲ್ಲಿ ತಾನು ಏಕೈಕ ಸಂತಾನ ಎಂದಿದೆ."

ತಹಶೀಲ್ದಾರರು ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡರು. "ಏನ್ರಿ ಏಕಾಂತಪ್ಪ, ಇವರು ನಿಮ್ಮ ಅಕ್ಕನಾ, ಅಲ್ವಾ?"

ಏಕಾಂತಪ್ಪ ಇಲ್ಲದ ಉಯಿಲಿಗೆ ಹೆದರಿ, ಇರುವ ಅಕ್ಕನನ್ನು ತಾನೇ ಬರೆದುಕೊಟ್ಟಿದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೊನೆಗೆ ನೆಲ ನೋಡುತ್ತ, "ಅಕ್ಕ ಹೌದ್ರಿ," ಎಂದ. ಹನ್ನೆರಡು ವರ್ಷದಲ್ಲಿ ಅವನು ಅಷ್ಟು ಮೆತ್ತಗೆ ಅಕ್ಕ ಎಂದದ್ದನ್ನು ನೀಲಗಂಗಮ್ಮ ಕೇಳಿರಲಿಲ್ಲ.

ನೀಲಗಂಗಮ್ಮನಿಗೆ ಸುಳ್ಳು ಬರೆಸಿದ್ದಕ್ಕೆ ತಹಶೀಲ್ದಾರರಿಂದ ಚೆನ್ನಾಗಿಯೇ ಬೈಗುಳ ಬಿತ್ತು. ಏಕಾಂತಪ್ಪನಿಗೆ ಅದಕ್ಕಿಂತ ಹೆಚ್ಚು ಬಿತ್ತು. ಹೊಸ ವಂಶವೃಕ್ಷ ಮಾಡಿಸಿ ಇಬ್ಬರ ಹೆಸರಿಗೂ ಖಾತೆ ಮಾಡಬೇಕೆಂದು ಆದೇಶವಾಯಿತು. ಇನ್ನು ಅಕ್ಕನ ಸಹಿ ಇಲ್ಲದೆ ಹಳ್ಳದ ಹೊಲ ಯಾವ ಕಂಪನಿಗೂ ಹೋಗುವಂತಿರಲಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ಏಕಾಂತಪ್ಪ ಹಿಂದಿನಿಂದ ಬಂದು ನಿಂತ. "ಅಕ್ಕಾ, ಆ ಮೂಲಿ ಬಿಟ್ಟು ಉಳಿದಿದ್ದು ತಗಳ್ರಿ ಅಂತ ನಾ ಕಂಪನ್ಯಾರಿಗೆ ಹೇಳಿದ್ದೆ. ಅವ್ವ ಅಪ್ಪನ್ನ ಮಾರ್ಕಂತೀನೇನು ನಾ?"

"ಬರದು ಕೊಟ್ಟಿದ್ರೇನು ಅವ್ರು?"

"ಬಾಯಿ ಮಾತು."

ನೀಲಗಂಗಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಖರೆಯೋ ಸುಳ್ಳೋ ತಿಳಿಯಲಿಲ್ಲ. ಖರೆಯಿದ್ದರೆ ತಾನು ತಮ್ಮನನ್ನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದೆ, ಸುಳ್ಳಿದ್ದರೆ ಸರಿಯಾಗೇ ಮಾಡಿದೆ. ಎರಡರಲ್ಲಿ ಯಾವುದೆಂದು ಹೇಳಬಲ್ಲ ಅವ್ವ ಮಣ್ಣಿನೊಳಗಿದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದೇ ಕೊರೆಯಿತು.

ಹೊಸ ಪಹಣಿಯಲ್ಲಿ ತನ್ನ ಹೆಸರು ಬಂದದ್ದನ್ನು ಕೂಡಿಸಿ ಕೂಡಿಸಿ ಓದಿದ ಮೇಲೆ, ಒಂದು ಶನಿವಾರ ನೀಲಗಂಗಮ್ಮ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಪಂಚಾಯಿತಿ ಕೋಣೆಗೆ ಹೋದಳು. ಸುಮಲತಾ ಒಬ್ಬಳೇ ಕೂತು ಮನೆಯಿಂದ ತಂದ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದಳು.

"ರೊಟ್ಟಿ ತಂದೀನಿ, ತಗ."

"ಬ್ಯಾಡ್ರಿ ಅಮ್ಮಾ. ಈಗ ನಾವು ಯಾವೂರಿಗೆ ಹೋದ್ರೂ ಯಾರ ಮನೀದೂ ಉಣ್ಣಂಗಿಲ್ಲ. ನಮ್ಮ ಡಬ್ಬಿ ನಾವು ತರ್ತೀವಿ. ನಾನ ಸರ್‌ಗೆ ಹೇಳಿ ಮಾಡಿಸೀನಿ."

ಮೊದಲು ನೀಲಗಂಗಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಆಮೇಲೆ ಸೈ ಎನ್ನಿಸಿತು. ಗಂಟನ್ನು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡಳು.

"ನಿನ್ನ ಹತ್ತು ಮಂದಿ ಆದ್ರೇನು?"

"ಒಂಬತ್ತು ಆದ್ರು."

"ಹತ್ತನೇದು ನಂದ ಬರಕ. ಒಂದು ಉಯಿಲು ಬರೀಬೇಕು."

ಸುಮಲತಾ ಡಬ್ಬಿ ಮುಚ್ಚಿ, ಕೈ ತೊಳೆದು ಬಂದು ಕೂತಳು. ಪೆನ್ನು ಮಾತ್ರ ಮುಟ್ಟಲಿಲ್ಲ. "ಅಮ್ಮಾ, ಸಿಟ್ಟಾಗಬ್ಯಾಡ್ರಿ. ಇದು ಖರೇ ಉಯಿಲೋ, ಇಲ್ಲಾ ನನಗ ಇನ್ನೊಂದು ಪರೀಕ್ಷಾನೋ?"

"ಕೇಳಿದ್ದು ಚೊಲೊ ಆತು," ಎಂದಳು ನೀಲಗಂಗಮ್ಮ. ಸೆರಗಿನ ಗಂಟು ಬಿಚ್ಚಿ ಪಹಣಿ, ಆಧಾರ್ ಕಾರ್ಡು ಎರಡನ್ನೂ ಮೇಜಿನ ಮೇಲಿಟ್ಟಳು. "ಖರೇದು. ಬರಿ. ನನ್ನ ಪಾಲು ನನ್ನ ತಮ್ಮ ಏಕಾಂತಪ್ಪಗ."

ಹುಡುಗಿ ಕಣ್ಣು ಬಿಟ್ಟಳು. "ಅಷ್ಟು ಗುದ್ದಾಡಿ ತಗಂಡು, ಮತ್ತ ಅವರಿಗ ಏನ್ರಿ?"

"ಹೊಲ ತಗಂಡು ನಾ ಏನು ಮಾಡ್ಲಿ? ಮುಂದ ಕೇಳು. ನನ್ನ ಅವ್ವನ ಬಲಕ್ಕ ಮಣ್ಣು ಮಾಡಿದ ಮ್ಯಾಲೆ ಅವಂಗ. ಬ್ಯಾರೆ ಕಡೆ ಎಲ್ಯಾರ ಮಣ್ಣು ಮಾಡಿದ್ನೋ, ಒಂದು ಹಿಡಿ ಮಣ್ಣು ಸೈತ ಕೊಡಬ್ಯಾಡ, ಊರ ಸಾಲಿ ಮಕ್ಕಳಿಗೆ ಹೋಗ್ಲಿ."

"ಇದನ್ನ ಅವರಿಗೆ ಈಗ ಹೇಳಿದ್ರ ಮನಸು ಕೂಡತಾವಲ್ರಿ?"

"ಕೂಡಬಹುದು. ಇಲ್ಲಾ ನಾ ಯಾವಾಗ ಸಾಯ್ತೀನಿ ಅಂತ ಕಾಯ್ಕಂತ ಕುಂಡ್ರಬಹುದು. ನನಗ ಗೊತ್ತಿಲ್ಲ ಬೇ. ಗೊತ್ತಿಲ್ಲದ್ದಕ್ಕ ಬರಸಾಕ ಹತ್ತೀನಿ." ಆಮೇಲೆ ಆ ದಿನ ಅಂದ ಮಾತನ್ನೇ ಅಂದಳು. "ಯಾರಿಗೂ ಹೇಳಬ್ಯಾಡ."

ಸುಮಲತಾ ಈ ಸಲ ಹೇಳಂಗಿಲ್ರಿ ಎನ್ನಲಿಲ್ಲ. ಸುಮ್ಮನೆ ಎದ್ದು ಹೋಗಿ ಕೋಣೆಯ ಬಾಗಿಲು ಮುಂದಕ್ಕೆ ಎಳೆದು ಬಂದಳು. ಬರೆದದ್ದು ಅರ್ಧ ಪುಟ. ಗುರುಬಸವರಾಜರು ಬಂದರೆ ಅವರೊಬ್ಬರು ಸಾಕ್ಷಿ, ಅವರ ಜೊತೆ ಬರುವ ವಿದ್ಯಾರ್ಥಿ ಇನ್ನೊಬ್ಬ ಸಾಕ್ಷಿ, ಅಲ್ಲಿಯವರೆಗೆ ಸಹಿ ಬೇಡ ಎಂದು ಹೇಳಿ, ಓದಲು ಶುರುಮಾಡಿದಳು.

ನೀಲಗಂಗಮ್ಮ ಹುಡುಗಿಯ ಮುಖ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಒಂದೊಂದು ಮಾತನ್ನೂ ಕೇಳಿಸಿಕೊಂಡಳು.

"'...ನನ್ನ ಮರಣಾನಂತರ ನನ್ನನ್ನು ಹಳ್ಳದ ಹೊಲದಲ್ಲಿ, ನನ್ನ ತಾಯಿ ಕಲ್ಯಾಣಮ್ಮನವರ ಬಲಗಡೆ ಮಣ್ಣು ಮಾಡತಕ್ಕದ್ದು...'"

"ನಿಂದ್ರು," ಎಂದಳು ನೀಲಗಂಗಮ್ಮ.

"ಯಾಕ್ರಿ, ತಪ್ಪೈತೇನು?"

"ತಪ್ಪಿಲ್ಲ. ಅದೊಂದು ಸಾಲು ಇನ್ನೊಮ್ಮೆ ಓದು."

ಸುಮಲತಾ ಇನ್ನೊಮ್ಮೆ ಓದಿದಳು.